ಹ್ಯಾಂಗ್ ಆಗುತ್ತಿದ್ದ ಹಳೇ ಡೆಸ್ಕ್‌ಟಾಪ್ ದಾರಿಗೆ ಬಂದದ್ದು

ಕಂಪ್ಯೂಟರ್ ಸ್ಲೋ ಆಗುವುದು ಬೇರೆ, ಹ್ಯಾಂಗ್ ಆಗುವುದು ಬೇರೆ. ನಮ್ಮ ಮನೆಯ ಡೆಸ್ಕ್‌ಟಾಪಿಗೆ ಎರಡೂ ಇತ್ತು. ವಿಂಡೋಸ್ 10, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಹಾಗೂ ಹೀಗೂ ಆನ್ ಆದರೆ, ಯಾವುದೋ ಫೋಲ್ಡರ್ ಮೇಲೆ ಕ್ಲಿಕ್ ಮಾಡುತ್ತಿದ್ದಂತೆ ಎಲ್ಲ ಸ್ತಬ್ಧ. ‘ವೈರಸ್ ಇರಬೇಕು, ಫಾರ್ಮ್ಯಾಟ್ ಹೊಡೆದುಬಿಡು’ ಎಂದು ಮನೆಯವರ ಸಲಹೆ. ಫಾರ್ಮ್ಯಾಟ್ ಮಾಡುವುದೇನು ದೊಡ್ಡ ವಿಷಯವಲ್ಲ. ಆದರೆ ಕಾರಣ ಗೊತ್ತಿಲ್ಲದೆ ಮಾಡಿದರೆ ತೊಂದರೆ ಅಲ್ಲೇ ಉಳಿಯುತ್ತದೆ, ಫೋಟೋಗಳು ಮಾತ್ರ ಹೋಗಿರುತ್ತವೆ.

ಹ್ಯಾಂಗ್ ಆದಾಗ ನಾನು ಮೊದಲು ನೋಡುವುದು ಮೌಸ್ ಮತ್ತು ಕೀಬೋರ್ಡ್. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹೊತ್ತಿ ಆರುತ್ತದಾ? ಮೌಸ್ ಬಾಣ ಓಡಾಡುತ್ತದಾ? ಎರಡೂ ಸತ್ತಂತಿದ್ದರೆ ಅನುಮಾನ ರ‍್ಯಾಮ್, ಪವರ್ ಸಪ್ಲೈ, ಬಿಸಿ ಅಥವಾ ಯಾವುದಾದರೂ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಕಡೆಗೆ ಹೋಗಬೇಕು. ನಮ್ಮದರಲ್ಲಿ ದೀಪ ಹೊತ್ತುತ್ತಿತ್ತು, ಬಾಣವೂ ಓಡಾಡುತ್ತಿತ್ತು, ಏನೂ ತೆರೆಯುತ್ತಿರಲಿಲ್ಲ ಅಷ್ಟೆ. ಕ್ಯಾಬಿನೆಟ್ಟಿನ ಮುಂದಿರುವ ಹಾರ್ಡ್ ಡಿಸ್ಕ್ ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮ ಉರಿಯುತ್ತಿತ್ತು. ಅಂದರೆ ಪ್ರೊಸೆಸರ್ ಚೆನ್ನಾಗಿಯೇ ಇದೆ, ಡಿಸ್ಕಿನಿಂದ ಉತ್ತರ ಬರಲಿ ಎಂದು ಕಾಯುತ್ತಿದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು ಆರಾಮಾಗಿತ್ತು, ಡಿಸ್ಕ್ ಮಾತ್ರ 100%. ಇಷ್ಟು ನೋಡಿ ನಿಲ್ಲಿಸಬಾರದು. 100% ಅಂದರೆ ಡಿಸ್ಕ್ ಬಿಡುವಿಲ್ಲದೆ ಇದೆ ಎಂದಷ್ಟೇ, ಜಾಸ್ತಿ ಕೆಲಸ ಮಾಡುತ್ತಿದೆ ಎಂದಲ್ಲ. ಅದರ ಕೆಳಗೆ ಓದುವ ವೇಗ ಮತ್ತು ಸರಾಸರಿ ರೆಸ್ಪಾನ್ಸ್ ಟೈಮ್ ಇರುತ್ತದೆ. ವೇಗ ಕೆಲವೇ ಕೆಬಿ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್. ಹೆಚ್ಚು ಹೊರೆ ಇಲ್ಲದಾಗ ಆರೋಗ್ಯವಾಗಿರುವ ಹಾರ್ಡ್ ಡಿಸ್ಕ್ ಹತ್ತಾರು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಹಾಳಾದ ಜಾಗ ಸಿಕ್ಕರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟು ಹೊತ್ತೂ ಉಳಿದವರೆಲ್ಲ ಸಾಲಿನಲ್ಲಿ ನಿಂತಿರಬೇಕು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ತಂತ್ರಾಂಶ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ ‘ಕಾಷನ್’ ಎಂದು ತೋರಿಸಿತು. ಅಲ್ಲಿನ ಉದ್ದ ಪಟ್ಟಿ ನೋಡಿ ಗಾಬರಿ ಬೇಡ. ಮುಖ್ಯವಾಗಿ ನೋಡಬೇಕಾದ್ದು 05, ಸಿ5, ಸಿ7 ಸಾಲುಗಳು. 05 ಅಂದರೆ ಹಾಳಾಗಿ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಪುಟ್ಟ ಪುಟ್ಟ ತುಣುಕುಗಳು). ಸಿ5 ಅಂದರೆ ಓದಲಾಗದೆ ಬಾಕಿ ಉಳಿದವು. ಸಿ7 ಅಂದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳು. ಅದು ಏರುತ್ತಿದ್ದರೆ ಮೊದಲು ಅವೆರಡನ್ನೂ ಜೋಡಿಸುವ ಸಾಟಾ ಕೇಬಲ್ ಬದಲಾಯಿಸಿ ನೋಡಿ, ಡಿಸ್ಕ್ ಚೆನ್ನಾಗಿಯೇ ಇರಬಹುದು. ಅಂದಹಾಗೆ, ರಾ ವ್ಯಾಲ್ಯೂ ಅಂಕಣದಲ್ಲಿ ಸಂಖ್ಯೆಗಳು ಹದಿನಾರರ ಲೆಕ್ಕವಾದ ಹೆಕ್ಸಾಡೆಸಿಮಲ್‌ನಲ್ಲಿರುತ್ತವೆ. 10 ಎಂದಿದ್ದರೆ ಅದು ಹದಿನಾರು. ನಮ್ಮದರಲ್ಲಿ ಸಿ7 ಸೊನ್ನೆ, ಸಿ5 ಮಾತ್ರ ಏರುತ್ತಲೇ ಇತ್ತು. ಡಿಸ್ಕೇ ಹೋಗುತ್ತಿದೆ ಎಂಬುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ಡಿಫ್ರ್ಯಾಗ್ (ಚದುರಿದ ಫೈಲುಗಳನ್ನು ಒಟ್ಟುಗೂಡಿಸುವುದು) ಮಾಡಬೇಡಿ. ಡಿಸ್ಕಿನ ತಪ್ಪು ಹುಡುಕುವ ಚೆಕ್ ಡಿಸ್ಕ್ ಕೂಡ ಆಮೇಲೆ. ಇವು ಡಿಸ್ಕನ್ನೆಲ್ಲ ತಡಕಾಡುತ್ತವೆ, ಸೊರಗಿದ ಡಿಸ್ಕಿಗೆ ಅದೇ ಕೊನೆಯ ಏಟಾಗಬಹುದು. ಮೊದಲು ಫೈಲುಗಳನ್ನು ಹೊರಗೆ ತೆಗೆಯಿರಿ. ನಾನು ಫೋಟೋ ಮತ್ತು ಕಾಗದಪತ್ರಗಳ ಸ್ಕ್ಯಾನ್ ಮೊದಲು ತೆಗೆದೆ, ಸಿನಿಮಾಗಳು ಕೊನೆಗೆ. ಎಲ್ಲವನ್ನೂ ಒಟ್ಟಿಗೆ ಆರಿಸಿ ಕಾಪಿ ಕೊಡಲಿಲ್ಲ, ಒಂದೊಂದೇ ಫೋಲ್ಡರ್. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ. ಕೊನೆಯಲ್ಲಿ ಬಿಟ್ಟವುಗಳ ಹತ್ತಿರ ಮತ್ತೆ ಹೋದಾಗ ಬಹುಪಾಲು ಬಂದವು, ಕೆಲವು ವಿಡಿಯೋಗಳು ಬರಲಿಲ್ಲ.

ಆಮೇಲೆ ಹಾರ್ಡ್ ಡಿಸ್ಕಿನ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕಿದೆ. ಎರಡೂವರೆ ಇಂಚಿನದು, ಹಳೇ ಸಾಟಾ ಕೇಬಲ್ಲೇ ಸಾಕು. ಮದರ್‌ಬೋರ್ಡ್ ಹಳೇ ಸಾಟಾ 2 (ಈ ಸಂಪರ್ಕದ ಹಿಂದಿನ, ನಿಧಾನದ ಪೀಳಿಗೆ) ಆಗಿದ್ದರೆ ವೇಗ ಸಿಗುತ್ತದಾ ಎಂದು ಹಲವರು ಕೇಳುತ್ತಾರೆ. ಪೂರ್ತಿ ಸಿಗುವುದಿಲ್ಲ, ಆದರೂ ಧಾರಾಳ. ಹಾರ್ಡ್ ಡಿಸ್ಕಿನಲ್ಲಿ ಓದುವ ಹೆಡ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಸುಮಾರು 10 ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲ. ವಿಂಡೋಸ್ ಶುರುವಾಗುವಾಗ ಓದುವುದೆಲ್ಲ ಸಾವಿರಾರು ಚೂರುಪಾರು ಫೈಲುಗಳು, ಹಾಗಾಗಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಾಳಾದ ಡಿಸ್ಕನ್ನು ಕ್ಲೋನ್ ಮಾಡಲು (ಇದ್ದಂತೆಯೇ ನಕಲಿಸಲು) ಹೋಗಲಿಲ್ಲ, ವಿಂಡೋಸನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಆಗ ಹಳೇ ಡಿಸ್ಕಿನ ಕೇಬಲ್ ಕಳಚಿಡಿ. ಇಲ್ಲದಿದ್ದರೆ ಕಂಪ್ಯೂಟರ್ ಶುರುವಾಗಲು ಬೇಕಾದ ಬೂಟ್ ಫೈಲುಗಳು ಅದರ ಮೇಲೆಯೇ ಹೋಗಿ ಕೂರಬಹುದು, ಮುಂದೆ ಅದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ.

ಹ್ಯಾಂಗ್ ನಿಂತಿತು. ಸ್ಲೋ ಇನ್ನೂ ಸ್ವಲ್ಪ ಉಳಿದಿತ್ತು. ಬ್ರೌಸರ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ 4 ಜಿಬಿ ತುಂಬುತ್ತದೆ. ಆಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕಿಗೆ ಬರೆದಿಟ್ಟು ಮತ್ತೆ ಓದುತ್ತದೆ. ಇನ್ನೊಂದು 4 ಜಿಬಿ ರ‍್ಯಾಮ್ ಸ್ಟಿಕ್ ಹಾಕಿದ ಮೇಲೆ ಅದೂ ಹೋಯಿತು. ರ‍್ಯಾಮ್‌ನಲ್ಲೂ ಪೀಳಿಗೆಗಳಿವೆ: ಡಿಡಿಆರ್3 ಬೋರ್ಡಿಗೆ ಡಿಡಿಆರ್4 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಕೊಳ್ಳುವ ಮೊದಲು ನೋಡಿಕೊಳ್ಳಿ.

ಕ್ಯಾಬಿನೆಟ್ ತೆರೆದಿದ್ದಾಗಲೇ ಧೂಳು ತೆಗೆದೆ, ಪ್ರೊಸೆಸರ್‌ಗೆ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದೆ. ಗಾಳಿ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರಬೇಕು, ಸುಮ್ನೆ ಗಿರಗಿರ ತಿರುಗಲು ಬಿಡಬಾರದು. ಆನ್ ಆಗುತ್ತಲೇ ತಾವಾಗಿ ಶುರುವಾಗುವ ತಂತ್ರಾಂಶಗಳ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿದೆ. ‘ಒಂದೇ ಕ್ಲಿಕ್ಕಿಗೆ ವೇಗ’ ಎನ್ನುವ ಕ್ಲೀನರ್‌ಗಳನ್ನು ಮಾತ್ರ ಹತ್ತಿರ ಸೇರಿಸಲಿಲ್ಲ. ಅವುಗಳಲ್ಲಿ ಹೆಚ್ಚಿನವು ತಾವೇ ಆ ಸ್ಟಾರ್ಟಪ್ ಪಟ್ಟಿಯಲ್ಲಿ ಬಂದು ಕೂರುತ್ತವೆ!

ಇನ್ನು ವಿಂಡೋಸ್ ವಿಷಯ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ನಮ್ಮ ಯಂತ್ರದಲ್ಲಿ ಎರಡೂ ಇಲ್ಲ. ಅದಕ್ಕೇ ವಿಂಡೋಸ್ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡಿದೆ. ಇನ್‌ಸ್ಟಾಲ್ ಮಾಡದೆಯೇ ಹೀಗೆ ನೋಡಬಹುದು. ಸೌಂಡ್, ನೆಟ್, ಪ್ರಿಂಟರ್ ಮೂರೂ ಕೆಲಸ ಮಾಡಿದ್ದರಿಂದ ಈಗ ಅದೇ ಇದೆ.