ಅಮೆರಿಕದಲ್ಲಿ ಚಿಕಿತ್ಸೆಗೆ ಮೊದಲೇ ಖರ್ಚಿನ ಅಂದಾಜು ಕೇಳಿ

ಡಾಕ್ಟರ್ ಹತ್ತಿರ "ಎಷ್ಟಾಗುತ್ತೆ?" ಅಂತ ಕೇಳೋಕೆ ನಮ್ಮಲ್ಲಿ ಹಲವರಿಗೆ ಸಂಕೋಚ. ಅಮೆರಿಕದಲ್ಲಿ ಆ ಸಂಕೋಚ ಬೇಡವೇ ಬೇಡ. ಬಿಲ್ ಬಂದ ಮೇಲೆ ಒದ್ದಾಡುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು, ಅಲ್ವಾ?

ಇನ್ಶೂರೆನ್ಸ್ ಇಲ್ಲದವರಿಗೆ, ಇದ್ದರೂ ಅದನ್ನು ಬಳಸದೆ ಕೈಯಿಂದಲೇ ಕಟ್ಟುವವರಿಗೆ ಕಾನೂನಿನ ಬೆಂಬಲವಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ, ಅನಿರೀಕ್ಷಿತ ಬಿಲ್‌ಗಳಿಂದ ರಕ್ಷಿಸುವ ನೋ ಸರ್ಪ್ರೈಸಸ್ ಆಕ್ಟ್ ಎಂಬ ಕೇಂದ್ರ ಕಾನೂನಿನ ಪ್ರಕಾರ, ಇವರು ಕೇಳಿದರೆ ಡಾಕ್ಟರ್ ಅಥವಾ ಆಸ್ಪತ್ರೆ 3 ಕೆಲಸದ ದಿನಗಳೊಳಗೆ ಲಿಖಿತ ಅಂದಾಜು ಕೊಡಬೇಕು. ಇದಕ್ಕೆ ಗುಡ್ ಫೇತ್ ಎಸ್ಟಿಮೇಟ್ ಅಂತಾರೆ. ಅರಿವಳಿಕೆ ಕೊಡುವ ಡಾಕ್ಟರ್, ಲ್ಯಾಬ್ ಇವರ ಖರ್ಚೂ ಅದರಲ್ಲಿ ಸೇರಿದೆಯಾ ಅಂತ ಕೇಳಿ. ಎಷ್ಟೋ ಸಲ ಇವರ ಬಿಲ್ ಬೇರೆಯಾಗಿಯೇ ಬರುತ್ತದೆ. ಅಂದಾಜಿನ ಕಾಗದವನ್ನು ಜೋಪಾನವಾಗಿಡಿ. ಅಂದಾಜಿಗಿಂತ ಬಿಲ್ 400 ಡಾಲರ್ ಅಥವಾ ಅದಕ್ಕೂ ಜಾಸ್ತಿ ಏರಿದ್ದರೆ, ಬಿಲ್ ತಾರೀಖಿನಿಂದ 120 ದಿನಗಳೊಳಗೆ ಸರ್ಕಾರಕ್ಕೆ ತಕರಾರು ಸಲ್ಲಿಸಬಹುದು.

ಇನ್ಶೂರೆನ್ಸ್ ಇರುವವರ ದಾರಿ ಬೇರೆ. ಡಾಕ್ಟರ್ ಆಫೀಸಿನಿಂದ ಸಿಪಿಟಿ ಕೋಡ್ ತಗೊಳ್ಳಿ. ಪ್ರತಿ ಪರೀಕ್ಷೆಗೂ, ಚಿಕಿತ್ಸೆಗೂ ಇಂಥ ಒಂದು ಕೋಡ್ ಇರುತ್ತದೆ. ಅದನ್ನು ಹಿಡಿದು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ. ಡಾಕ್ಟರ್, ಆಸ್ಪತ್ರೆ, ಲ್ಯಾಬ್ ಎಲ್ಲವೂ ನೆಟ್‌ವರ್ಕ್ (ಕಂಪನಿ ಜೊತೆ ದರ ಒಪ್ಪಂದ ಇರುವವರ ಪಟ್ಟಿ) ಒಳಗಿವೆಯಾ? ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನೀವೇ ಕಟ್ಟಬೇಕಾದ ಮೊತ್ತ, ಇನ್ನೆಷ್ಟು ಬಾಕಿಯಿದೆ? ಚಿಕಿತ್ಸೆಗೆ ಮೊದಲೇ ಕಂಪನಿಯ ಅನುಮತಿ ಬೇಕಾ? ಉತ್ತರ ಕೊಟ್ಟವರ ಹೆಸರು, ತಾರೀಖು, ಕರೆಯ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ನಾಳೆ ವಾದ ಬಂದರೆ ಕೈಹಿಡಿಯುವುದು ಇದೇ. ಹೆಚ್ಚಿನ ಪ್ಲಾನ್‌ಗಳ ವೆಬ್‌ಸೈಟಿನಲ್ಲಿ ನಿಮ್ಮ ಪಾಲಿನ ಅಂದಾಜು ತೋರಿಸುವ ಟೂಲ್ ಕೂಡ ಇರುತ್ತದೆ.

ಆಸ್ಪತ್ರೆಗಳು 2021ರಿಂದ ತಮ್ಮ ದರಗಳನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು. ಅಲ್ಲಿ ಕ್ಯಾಶ್ ದರವನ್ನೂ (ಇನ್ಶೂರೆನ್ಸ್ ಬಳಸದೆ ಕಟ್ಟುವವರ ದರ) ನೋಡಿ. ಕೆಲವೊಮ್ಮೆ ಅದು ಇನ್ಶೂರೆನ್ಸ್ ದರಕ್ಕಿಂತ ಕಡಿಮೆ ಇರುತ್ತದೆ. ಹಾಗೆ ಕಟ್ಟಿದ ಹಣ ಸಾಮಾನ್ಯವಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ ಸೇರುವುದಿಲ್ಲ, ಅದನ್ನೂ ಯೋಚಿಸಿ.

ಎದೆನೋವು, ಅಪಘಾತದಂಥ ಹೊತ್ತಲ್ಲಿ ಮಾತ್ರ ದರ ಕೇಳುತ್ತಾ ನಿಲ್ಲಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ದುಡ್ಡಿಲ್ಲವೆಂದು ಅಲ್ಲಿ ತಪಾಸಣೆ ನಿರಾಕರಿಸುವಂತಿಲ್ಲ. ಇನ್ಶೂರೆನ್ಸ್ ಇದ್ದರೆ, ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಾದರೂ ತುರ್ತು ಚಿಕಿತ್ಸೆಗೆ ನೆಟ್‌ವರ್ಕ್ ಒಳಗಿನಷ್ಟೇ ನಿಮ್ಮ ಪಾಲು. ಇದೂ ನೋ ಸರ್ಪ್ರೈಸಸ್ ಆಕ್ಟ್‌ನದ್ದೇ ನಿಯಮ, ಆದರೆ ರಸ್ತೆಯ ಆಂಬುಲೆನ್ಸ್‌ಗೆ ಈ ಕೇಂದ್ರ ಕಾನೂನಿನ ರಕ್ಷಣೆಯಿಲ್ಲ. ಕೆಲವು ರಾಜ್ಯಗಳಲ್ಲಿ ಅದಕ್ಕೆ ಬೇರೆ ಕಾನೂನಿದೆ, ನಿಮ್ಮ ರಾಜ್ಯದ್ದನ್ನು ಈಗಲೇ ನೋಡಿಟ್ಟುಕೊಳ್ಳಿ.