ಅರ್ಧಕ್ಕೆ ಇಳಿಯುವ ಮುನ್ನ ಧ್ವಜ ತುದಿ ಮುಟ್ಟಬೇಕು

2024ರ ಡಿಸೆಂಬರ್ 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ ಸಿಂಗ್ ತೀರಿಕೊಂಡರು. ಏಳು ದಿನಗಳ ಶೋಕಾಚರಣೆ ಘೋಷಣೆಯಾಯಿತು. ಆ ದಿನಗಳಲ್ಲೇ ಕೊಪ್ಪಳದ ಕಚೇರಿಯೊಂದರ ಮುಂದೆ ಸಿಬ್ಬಂದಿಯೊಬ್ಬರು ಧ್ವಜವನ್ನು ಕೆಳಗಿನಿಂದ ನೇರವಾಗಿ ಕಂಬದ ನಡುವಿಗೆ ಎಳೆದು ಹಗ್ಗ ಬಿಗಿಯುವುದನ್ನು ಕಂಡೆ. ಅವರಲ್ಲಿ ಶ್ರದ್ಧೆಗೆ ಕೊರತೆ ಇರಲಿಲ್ಲ, ಕ್ರಮವನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೆ.

ಶೋಕಕ್ಕೆ ಧ್ವಜವನ್ನು ಅರ್ಧಕ್ಕೆ ಇಳಿಸಲು ಮೊದಲು ಬೇಕಾದದ್ದು ಸರ್ಕಾರದ ಆದೇಶ. ದುರಂತಗಳಿಗೂ ಅಂಥ ಆದೇಶ ಬರುತ್ತದೆ. 2022ರಲ್ಲಿ ಮೊರ್ಬಿಯ ತೂಗುಸೇತುವೆ ಕುಸಿದು 135 ಮಂದಿ ಸತ್ತಾಗ ಗುಜರಾತ್ ನವೆಂಬರ್ 2ರಂದು ಶೋಕ ಆಚರಿಸಿತು, ಧ್ವಜಗಳು ಅರ್ಧಕ್ಕೆ ಇಳಿದವು. ಆದೇಶವಿಲ್ಲದೆ ನಾವೇ ಇಳಿಸಿದರೆ ಅದು ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಕೂಲಿಗೆ ಹೊರಟವರ ವಾಹನ ಮಗುಚಿ ಊರೇ ಅಳುವಾಗ ಶಾಲೆಯ ಧ್ವಜವನ್ನು ಇಳಿಸಬೇಕೆನಿಸುವುದು ಸಹಜ. ಆ ದುಃಖಕ್ಕೆ ಮೌನಾಚರಣೆ ಇದೆ, ಸತ್ತವರ ಮನೆ ಬಾಗಿಲಿಗೆ ಹೋಗಿ ನಿಲ್ಲುವುದಿದೆ. ಧ್ವಜವನ್ನು ಮುಟ್ಟಬೇಡಿ.

ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನಮ್ಮ ರಾಜ್ಯೋತ್ಸವದ ದಿನ ಮತ್ತು ಏಪ್ರಿಲ್ 6ರಿಂದ 13ರವರೆಗಿನ ರಾಷ್ಟ್ರೀಯ ಸಪ್ತಾಹದಲ್ಲಿ ಧ್ವಜವನ್ನು ಅರ್ಧಕ್ಕೆ ಇಳಿಸುವುದಿಲ್ಲ. ಆ ಸಪ್ತಾಹ ಜಲಿಯನ್‌ವಾಲಾ ಬಾಗ್‌ನ ಹುತಾತ್ಮರ ನೆನಪಿನದು. ಅವರಿಗಾಗಿ ಧ್ವಜ ಪೂರ್ತಿ ಎತ್ತರದಲ್ಲೇ ಹಾರುತ್ತದೆ. ಪಾರ್ಥಿವ ಶರೀರ ಇರುವ ಕಟ್ಟಡಕ್ಕೆ ಮಾತ್ರ ವಿನಾಯಿತಿ, ಅದೂ ಶರೀರವನ್ನು ಅಲ್ಲಿಂದ ಒಯ್ಯುವ ತನಕ.

ಇನ್ನು ಕಂಬದ ಬಳಿಗೆ ಬನ್ನಿ. ಹಗ್ಗ ರಾಟೆಯಲ್ಲಿ ಸಲೀಸಾಗಿ ಓಡುತ್ತದೆಯೇ ಎಂದು ಹಿಂದಿನ ದಿನವೇ ಎಳೆದು ನೋಡಿ. ಅರ್ಧ ಎಂದರೆ ಎಲ್ಲಿ? ಕಂಬಕ್ಕೆ ಆಸರೆ ತಂತಿಗಳಿದ್ದರೆ, ಅವು ಕಟ್ಟಿದ ಜಾಗಕ್ಕೂ ತುದಿಗೂ ನಡುವಿನ ಅರ್ಧ. 20 ಅಡಿ ಕಂಬಕ್ಕೆ 12 ಅಡಿಯಲ್ಲಿ ತಂತಿ ಬಿಗಿದಿದ್ದರೆ 16 ಅಡಿ. ತಂತಿ ಇಲ್ಲದಿದ್ದರೆ ಕಂಬದ ಅರ್ಧ, ಅಂದರೆ 10 ಅಡಿ. ಆ ಅಳತೆಗೆ ಹಗ್ಗದ ಮೇಲೆ ಮೊದಲೇ ಗುರುತು ಹಾಕಿಕೊಳ್ಳಿ.

ಧ್ವಜವನ್ನು ಬಿಡಿಸಿಯೇ ಕಟ್ಟಿ, ಕೇಸರಿ ಮೇಲಿರಲಿ. ಹೂವಿನ ಎಸಳು ತುಂಬಿ ಮಡಚುವುದು ಸಂಭ್ರಮದ ದಿನಕ್ಕೆ, ಇಂದಿಗಲ್ಲ. ಈಗ ಚುರುಕಾಗಿ ತುದಿಯವರೆಗೆ ಏರಿಸಿ, ಒಂದು ಕ್ಷಣ ನಿಲ್ಲಿಸಿ. ಆ ಒಂದು ಕ್ಷಣವನ್ನು ದಯವಿಟ್ಟು ಬಿಡಬೇಡಿ. ಕೊಪ್ಪಳ, ರಾಯಚೂರುಗಳಿಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ರಂದು. ಅದಕ್ಕೂ ಮುಂಚೆ ನಿಜಾಮನ ಸಂಸ್ಥಾನದಲ್ಲಿ ಈ ತ್ರಿವರ್ಣವನ್ನು ಹಾರಿಸಲು ಹೋದವರು ಜೈಲು ಕಂಡಿದ್ದಾರೆ. ಅಂಥ ಧ್ವಜ ತುದಿಯನ್ನೇ ಕಾಣದೆ ನಡುವಿನಲ್ಲಿ ನಿಂತರೆ ನನಗೆ ಸಹಿಸಲಾಗುವುದಿಲ್ಲ. ಬಳಿಕ ನಿಧಾನವಾಗಿ, ಜರ್ರನೆ ಜಾರದಂತೆ ಗುರುತಿನವರೆಗೆ ಇಳಿಸಿ ಹಗ್ಗ ಕಟ್ಟಿ.

ಸಂಜೆಗೂ ಇದೇ ಕ್ರಮ. ಅರ್ಧದಿಂದ ನೇರ ಕೆಳಗಿಳಿಸಬಾರದು. ಮತ್ತೊಮ್ಮೆ ತುದಿ ಮುಟ್ಟಿಸಿ, ಆಮೇಲೆ ಮೆಲ್ಲಗೆ ಇಳಿಸಿ. ಒಬ್ಬರು ಹಗ್ಗ ಬಿಡುವಾಗ ಇನ್ನೊಬ್ಬರು ಕೆಳಗೆ ಎರಡೂ ಕೈ ಚಾಚಿ ನಿಂತಿರಲಿ, ಬಟ್ಟೆಯ ಅಂಚು ನೆಲಕ್ಕೆ ತಾಕದಂತೆ.