ಲಿನಕ್ಸ್ ಪ್ರೋಗ್ರಾಮನ್ನು ಫ್ರೀಬಿಎಸ್‌ಡಿಗೆ ಒಯ್ಯುವುದು ಹೇಗೆ?

ಕಂಪೈಲ್ ಆಯ್ತು ಅಂದರೆ ಕೆಲಸ ಮುಗೀತು ಅಂತ ಹುಬ್ಬಳ್ಳಿಯ ಕಾಲೇಜು ಹುಡುಗರು ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ. ಬ್ಯಾಡಗಿ ಮೆಣಸಿನಕಾಯಿ ದರದ ಫೈಲ್ ಓದಿ ಸರಾಸರಿ ಹೇಳುವ ‘ದರ’ ಎಂಬ ಪುಟ್ಟ ಸಿ ಪ್ರೋಗ್ರಾಮು ನಿಮ್ಮಲ್ಲಿದೆ ಎಂದುಕೊಳ್ಳಿ. ಲಿನಕ್ಸ್‌ಗೆಂದು ಬರೆದ ಅದನ್ನು, ಲಿನಕ್ಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯಲ್ಲಿ ಓಡಿಸಬೇಕು.

ಮೊದಲು ಮೇಕ್‌ಫೈಲ್, ಅಂದರೆ ಪ್ರೋಗ್ರಾಮನ್ನು ಹೇಗೆ ಕಂಪೈಲ್ ಮಾಡಬೇಕೆಂದು ‘ಮೇಕ್’ಗೆ ಹೇಳುವ ಫೈಲ್. ‘ಜಿಸಿಸಿ’ ಅಂತ ಬರೆದಿದ್ದರೆ ‘ಸಿಸಿ’ ಮಾಡಿ, ಫ್ರೀಬಿಎಸ್‌ಡಿ 10.0ರಿಂದ (2014) ಇಂಟೆಲ್ ಯಂತ್ರಗಳಲ್ಲಿ ಸಿಸಿ ಎಂದರೆ ಜಿಸಿಸಿ ಅಲ್ಲ, ಕ್ಲ್ಯಾಂಗ್ ಎಂಬ ಬೇರೆ ಕಂಪೈಲರ್. ಲಿನಕ್ಸ್‌ನಲ್ಲಿರುವ ಗ್ನೂ ಮೇಕ್‌ನ ಕಸರತ್ತುಗಳಿದ್ದರೆ ತೆಗೆಯಿರಿ, ಇಲ್ಲವೇ ಫ್ರೀಬಿಎಸ್‌ಡಿಯಲ್ಲಿ ಅದೇ ಮೇಕ್ ಆದ ‘ಜಿಮೇಕ್’ ಹಾಕಿಕೊಳ್ಳಿ.

ಆಮೇಲೆ ಆಪ್ಶನ್‌ಗಳು. ಎಲ್ಲರೂ ಮುಗ್ಗರಿಸುವುದು ಇಲ್ಲೇ. ‘ಪಟ್ಟಿ’ ಎಂಬ ಫೈಲಿನಿಂದ ಡಬ್ಬಿ ತಳಿಯ ಮೆಣಸಿನಕಾಯಿಯ ಸರಾಸರಿಯಷ್ಟೇ ಬೇಕೆಂದು ‘ದರ ಪಟ್ಟಿ -ವಿ ಡಬ್ಬಿ’ ಎಂದು ಟೈಪ್ ಮಾಡಿದಿರಿ. ಉಬುಂಟು ಲಿನಕ್ಸ್‌ನಲ್ಲಿ ಆಪ್ಶನ್ ಓದುವ ‘ಗೆಟ್‌ಆಪ್ಟ್’ ಫಂಕ್ಷನ್ ಫೈಲ್ ಹೆಸರನ್ನು ಹಿಂದಕ್ಕೆ ಸರಿಸಿ, ‘-ವಿ’ಯನ್ನು ಹುಡುಕಿ ಕೊಡುತ್ತದೆ. ಫ್ರೀಬಿಎಸ್‌ಡಿಯದು ‘ಪಟ್ಟಿ’ ಕಂಡ ಕೂಡಲೇ ನಿಂತುಬಿಡುತ್ತದೆ. ಪ್ರೋಗ್ರಾಮು ಮೊದಲ ಫೈಲನ್ನಷ್ಟೇ ಓದುವಂಥದ್ದಾದರೆ ಎರರ್ ಕೂಡ ಬರುವುದಿಲ್ಲ. ಡಬ್ಬಿ, ಕಡ್ಡಿ ಎಲ್ಲ ತಳಿಗಳನ್ನೂ ಕೂಡಿಸಿದ ಸರಾಸರಿ ತೆರೆಯ ಮೇಲೆ ಬಂದು ಕೂರುತ್ತದೆ. ನೀವು ಅದನ್ನೇ ನಂಬುತ್ತೀರಿ! ಇದನ್ನು ಹಿಡಿಯಲು ಇನ್ನೊಂದು ಯಂತ್ರವೂ ಬೇಡ. ಉಬುಂಟುವಿನಲ್ಲೇ ‘ಪಾಸಿಕ್ಸ್‌ಲಿ_ಕರೆಕ್ಟ್’ ಎಂಬ ವೇರಿಯಬಲ್ (ಎಲ್ಲ ಕ್ಯಾಪಿಟಲ್ ಅಕ್ಷರ) ಸೆಟ್ ಮಾಡಿ ಓಡಿಸಿ, ಅಲ್ಲಿನ ಗೆಟ್‌ಆಪ್ಟ್ ಕೂಡ ‘ಪಟ್ಟಿ’ ಕಂಡಲ್ಲೇ ನಿಂತು ಬಣ್ಣ ಬಯಲಾಗುತ್ತದೆ. ಆಪ್ಶನ್ ಮೊದಲು, ಫೈಲ್ ಆಮೇಲೆ ಎಂದು ಬಳಕೆಯ ಸೂಚನೆಯಲ್ಲೇ ಬರೆಯಿರಿ. ಜೊತೆಗೆ, ಹೆಚ್ಚುವರಿ ಆರ್ಗ್ಯುಮೆಂಟ್ ಉಳಿದರೆ ಪ್ರೋಗ್ರಾಮು ಬೈದು ಹೊರಬೀಳಲಿ.

‘ಲಿನಕ್ಸ್ ಆದರೆ ಇದು, ಇಲ್ಲದಿದ್ದರೆ ಅದು’ ಎಂದು ಕೋಡಿನೊಳಗೆ ಇಫ್‌ಡೆಫ್ ಷರತ್ತುಗಳನ್ನು ತುರುಕಬೇಡಿ. ಇನ್ನು ಕೆಲವರು ಫ್ರೀಬಿಎಸ್‌ಡಿಯ ಲಿನಕ್ಸ್ ಕಂಪ್ಯಾಟಿಬಿಲಿಟಿ ಆನ್ ಮಾಡಿ, ಹಳೆಯ ಬೈನರಿಯನ್ನೇ ಓಡಿಸಿ ‘ಪೋರ್ಟ್ ಮಾಡಿದೆ’ ಎನ್ನುತ್ತಾರೆ. ಅದು ಪೋರ್ಟ್ ಅಲ್ಲ, ಕಳ್ಳದಾರಿ.

ಒಂದೊಂದೇ ಅಕ್ಷರ ಓದುವ ‘ಗೆಟ್‌ಚಾರ್’ ಕೊಡುವ ಮೌಲ್ಯವನ್ನು ‘ಚಾರ್’ನಲ್ಲಿ ಇಟ್ಟಿದ್ದರೆ ‘ಇಂಟ್’ ಮಾಡಿ. ರಾಸ್ಪ್‌ಬೆರಿ ಪೈನ ಲಿನಕ್ಸ್‌ನಲ್ಲಿ ಬರೀ ‘ಚಾರ್’ ಎಂದರೆ ಅನ್‌ಸೈನ್ಡ್, ಅದರಲ್ಲಿ ಋಣ ಸಂಖ್ಯೆ ಹಿಡಿಸದು. ಫೈಲ್ ಮುಗಿಯಿತೆಂದು ಹೇಳುವ -1 ಹೋಗಿ 255 ಆಗುತ್ತದೆ, ಫೈಲ್ ಮುಗಿದರೂ ಲೂಪ್ ಮುಗಿಯುವುದಿಲ್ಲ. ಲಿನಕ್ಸ್ ತನ್ನ ಒಳಮಾಹಿತಿ ತೋರಿಸುವ ‘/ಪ್ರಾಕ್’ ಡೈರೆಕ್ಟರಿಯನ್ನು ಓದುವ ಕೋಡ್ ಇದ್ದರೆ ಕಿತ್ತುಹಾಕಿ: ಫ್ರೀಬಿಎಸ್‌ಡಿ ಅದನ್ನು ತಾನಾಗಿ ಮೌಂಟ್ ಮಾಡುವುದಿಲ್ಲ, ಅದರ ಬಂಧು ಓಪನ್‌ಬಿಎಸ್‌ಡಿಯಲ್ಲಂತೂ ಅದು ಇಲ್ಲವೇ ಇಲ್ಲ. ಬೇಕಾದ ಮಾಹಿತಿ ‘ಸಿಸ್‌ಸಿಟಿಎಲ್’ನಲ್ಲಿ ಸಿಗುತ್ತದೆ.

ಇನ್‌ಸ್ಟಾಲ್ ಸ್ಕ್ರಿಪ್ಟ್ ಬ್ಯಾಶ್ ಬಿಟ್ಟು ಸಾದಾ ಶೆಲ್ ಆದ ‘ಎಸ್‌ಎಚ್’ನಲ್ಲಿರಲಿ. ಫೈಲನ್ನು ಇದ್ದಲ್ಲೇ ತಿದ್ದುವ ‘ಸೆಡ್ -ಐ’ ಬೇಡ. ಫ್ರೀಬಿಎಸ್‌ಡಿಯ ಸೆಡ್ ನಿಮ್ಮ ಆದೇಶವನ್ನೇ ಬ್ಯಾಕಪ್ ಫೈಲಿನ ಬಾಲವೆಂದು ತಿಳಿಯುತ್ತದೆ. ಬೇರೆ ಫೈಲಿಗೆ ಬರೆದು, ‘ಎಂವಿ’ಯಿಂದ ಹಳೆಯ ಹೆಸರಿಗೆ ಬದಲಿಸಿ.

ಕಡೆಗೆ ಅದೇ ಪಟ್ಟಿಯನ್ನು ಎರಡೂ ಕಡೆ ಓಡಿಸಿ, ಉತ್ತರಗಳನ್ನು ವ್ಯತ್ಯಾಸ ತೋರಿಸುವ ‘ಡಿಫ್’ಗೆ ಕೊಡಿ. ಖಾಲಿ ಫೈಲ್ ಕೊಟ್ಟು, ಪ್ರೋಗ್ರಾಮು ಮುಗಿಯುವಾಗ ಗೆದ್ದೆನೋ ಸೋತೆನೋ ಎಂದು ಹೇಳುವ ಎಕ್ಸಿಟ್ ಕೋಡನ್ನೂ ನೋಡಿ.